ಗೆಲ್ಲುವ ಕುದುರೆ ಅಲ್ಲ ಅಂದರು: ಶರ್ಲಿ ಚಿಸಮ್ ಮತ್ತು 1972ರ ಲೆಕ್ಕಾಚಾರ

1972ರ ಜುಲೈ 12. ಫ್ಲೋರಿಡಾದ ಮಯಾಮಿ ಬೀಚ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶ. ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರು ಅಂತ ಪ್ರತಿನಿಧಿಗಳು ಮತ ಹಾಕಿದರು. ಗೆಲ್ಲೋಕೆ ಬೇಕಿದ್ದದ್ದು 1,509. ಜಾರ್ಜ್ ಮೆಕ್‌ಗವರ್ನ್‌ಗೆ 1,728 ಚಿಲ್ಲರೆ ಬಂತು. ಪಟ್ಟಿಯಲ್ಲಿ ನಾಲ್ಕನೇ ಜಾಗದಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ಶರ್ಲಿ ಚಿಸಮ್ ಹೆಸರು, ಅದರ ಮುಂದೆ 151.95.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಒಂದಿದೆ. ದೊಡ್ಡ ಪಕ್ಷದ ಟಿಕೆಟ್‌ಗಾಗಿ ದೇಶಾದ್ಯಂತ ಪ್ರಚಾರ ಮಾಡಿದ ಮೊದಲ ಕಪ್ಪು ಅಭ್ಯರ್ಥಿ, ಅದರಲ್ಲೂ ಮಹಿಳೆ, ಸೋತರೂ ಸ್ಫೂರ್ತಿ ಆದರು, ಚಪ್ಪಾಳೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಹೀಗೆ ಹೇಳಿದರೆ ಆಕೆ ಒಬ್ಬ ರಾಜಕಾರಣಿ ಅನ್ನೋದೇ ಮರೆತು ಹೋಗುತ್ತದೆ. ಶರ್ಲಿ ಸುಮ್ನೆ ಸಾಂಕೇತಿಕವಾಗಿ ನಿಂತವರಲ್ಲ. ಅವರ ಹತ್ತಿರ ಒಂದು ಯೋಜನೆ ಇತ್ತು. ಅದು ಕೆಲಸ ಮಾಡಬಹುದಾಗಿದ್ದ ಯೋಜನೆ. ಅದು ಕೆಟ್ಟಿದ್ದು ಎಲ್ಲಿ, ಕೆಡಿಸಿದ್ದು ಯಾರು ಅಂತ ನೋಡಿದರೆ ಎದುರಾಳಿಗಳಿಗಿಂತ ಜಾಸ್ತಿ ಸ್ನೇಹಿತರೇ ಕಾಣುತ್ತಾರೆ. ಈ ಬರಹ ಅದರ ಬಗ್ಗೆ.

ಮೊದಲು ಹಿನ್ನೆಲೆ, ಬೇಗ ಬೇಗ. ಹುಟ್ಟಿದ್ದು 1924ರಲ್ಲಿ, ಬ್ರೂಕ್ಲಿನ್‌ನಲ್ಲಿ. ಅಪ್ಪ ಬ್ರಿಟಿಷ್ ಗಯಾನಾ ಕಡೆಯವರು, ಅಮ್ಮ ಬಾರ್ಬಡೋಸ್‌ನವರು. ಇಬ್ಬರ ದುಡಿಮೆಯಲ್ಲೂ ಸಂಸಾರ ನಡೆಸೋದು ಕಷ್ಟವಾಗಿದ್ದರಿಂದ ಮಕ್ಕಳನ್ನು ಕೆಲವು ವರ್ಷ ಬಾರ್ಬಡೋಸ್‌ನಲ್ಲಿ ಅಜ್ಜಿ ಮನೆಯಲ್ಲಿ ಬಿಟ್ಟಿದ್ದರು. 1946ರಲ್ಲಿ ಬ್ರೂಕ್ಲಿನ್ ಕಾಲೇಜಿನಿಂದ ಪದವಿ. ಶಿಶುವಿಹಾರದಲ್ಲಿ ಟೀಚರ್ ಕೆಲಸ, ಅದರ ಜೊತೆಗೆ ಕೊಲಂಬಿಯಾದಲ್ಲಿ ಸ್ನಾತಕೋತ್ತರ ಓದು. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆಗೆ ಆಯ್ಕೆಯಾದರು.

1968ರ ಚುನಾವಣೆ ಮಾತ್ರ ಸ್ವಲ್ಪ ನಿಂತು ನೋಡಬೇಕಾದದ್ದು, ಯಾಕಂದ್ರೆ 1972ರ ಪಾಠ ಅರ್ಧಕ್ಕರ್ಧ ಅಲ್ಲೇ ಇದೆ. ಬ್ರೂಕ್ಲಿನ್‌ನ ಬೆಡ್‌ಫರ್ಡ್-ಸ್ಟೈವೆಸೆಂಟ್ ಬಡಾವಣೆಯ ಸುತ್ತಮುತ್ತ, ಕಪ್ಪು ಜನರೇ ಹೆಚ್ಚಿರುವ ಹೊಸ ಕ್ಷೇತ್ರವೊಂದು ರೂಪುಗೊಂಡಿತ್ತು. ಅಲ್ಲಿ ರಿಪಬ್ಲಿಕನ್ ಮತ್ತು ಲಿಬರಲ್ ಪಕ್ಷಗಳ ಬೆಂಬಲದಿಂದ ಶರ್ಲಿ ಎದುರು ನಿಂತವರು ಜೇಮ್ಸ್ ಫಾರ್ಮರ್. ಸಣ್ಣ ಆಳಲ್ಲ, ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ನಡೆದ 1961ರ ಫ್ರೀಡಂ ರೈಡ್ಸ್ ಹೋರಾಟದ ನಾಯಕ, ದೇಶಕ್ಕೆಲ್ಲ ಗೊತ್ತಿದ್ದ ಹೆಸರು. ಅವರ ಕಡೆಯ ಪ್ರಚಾರದ ಸಾರಾಂಶ ಇಷ್ಟೇ: ವಾಷಿಂಗ್ಟನ್‌ನಲ್ಲಿ ನಮ್ಮ ಪರ ಮಾತಾಡೋಕೆ ಗಟ್ಟಿ ಗಂಡು ದನಿ ಬೇಕು. ಇಬ್ಬರೂ ಕಪ್ಪು ಜನಾಂಗದವರೇ ಆದ್ದರಿಂದ ಇಲ್ಲಿ ಬಣ್ಣದ ಮಾತು ಬರುವ ಹಾಗೇ ಇರಲಿಲ್ಲ. ಉಳಿದದ್ದು ಹೆಣ್ಣು ಅನ್ನೋದೊಂದೇ. ಶರ್ಲಿ ಅದಕ್ಕೆ ಭಾಷಣದಲ್ಲಿ ಉತ್ತರ ಕೊಡಲು ಹೋಗಲಿಲ್ಲ, ಮತದಾರರ ಪಟ್ಟಿ ನೋಡಿದರು. ಕ್ಷೇತ್ರದಲ್ಲಿ ಗಂಡಸರಿಗಿಂತ ಹೆಂಗಸರ ಹೆಸರೇ ತುಂಬಾ ಜಾಸ್ತಿ ಇತ್ತು. ಮಹಿಳಾ ಸಂಘಗಳನ್ನು ಹಿಡಿದುಕೊಂಡು ಮನೆಮನೆ ಸುತ್ತಿದರು, ಪೋರ್ಟೊ ರಿಕೋ ಮೂಲದವರ ಬೀದಿಗಳಲ್ಲಿ ಸ್ಪ್ಯಾನಿಷ್‌ನಲ್ಲೇ ಮಾತಾಡಿದರು. ದೊಡ್ಡ ಅಂತರದಲ್ಲಿ ಗೆದ್ದು ಅಮೆರಿಕದ ಸಂಸತ್ತಿಗೆ ಹೋದ ಮೊದಲ ಕಪ್ಪು ಮಹಿಳೆ ಆದರು.

ಅಲ್ಲಿ ಹೋದ ಮೇಲೆ ಕೊಟ್ಟದ್ದು ಕೃಷಿ ಸಮಿತಿ, ಅದರಲ್ಲೂ ಗ್ರಾಮೀಣಾಭಿವೃದ್ಧಿ ಮತ್ತು ಅರಣ್ಯದ ಉಪಸಮಿತಿ. ಬ್ರೂಕ್ಲಿನ್‌ನ ಕಾಂಕ್ರೀಟ್ ನಡುವಿಂದ ಬಂದವರಿಗೆ! ಹೊಸಬರು ಕೊಟ್ಟದ್ದನ್ನು ತಗೊಂಡು ಸುಮ್ನಿರೋದು ಅಲ್ಲಿನ ಪದ್ಧತಿ. ಇವರು ಎದ್ದು ನಿಂತು ಆಕ್ಷೇಪ ಎತ್ತಿದರು, ಮಾಜಿ ಸೈನಿಕರ ಸಮಿತಿಗೆ ಬದಲಾವಣೆ ಆಯಿತು. ನನ್ನ ಕ್ಷೇತ್ರದಲ್ಲಿ ಮರಗಳಿಗಿಂತ ಮಾಜಿ ಸೈನಿಕರು ಎಷ್ಟೋ ಜಾಸ್ತಿ ಇದ್ದಾರೆ ಅಂದರು. ಯಾರೂ ಕೊಂಡುಕೊಳ್ಳಲಾಗದವಳು, ಯಾರ ಹಿಡಿತಕ್ಕೂ ಸಿಗದವಳು ಅನ್ನೋದು ಅವರ ಪ್ರಚಾರದ ಘೋಷಣೆ. ಘೋಷಣೆ ಚೆನ್ನಾಗೇ ಇದೆ. ಆದರೆ ಪಕ್ಷದ ಒಳಗಿನ ದೊಡ್ಡವರಿಗೆ ಅದು ಕೇಳಿಸಿದ್ದು ಬೇರೆ ಥರ: ಇವಳು ನಮ್ಮ ಮಾತು ಕೇಳಲ್ಲ.

ಯೋಜನೆ ಏನು

1972ರ ಜನವರಿ 25ರಂದು ಬ್ರೂಕ್ಲಿನ್‌ನ ಕಾಂಕಾರ್ಡ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಶರ್ಲಿ ಘೋಷಣೆ ಮಾಡಿದರು. ನಾನು ಕಪ್ಪು ಅಮೆರಿಕದ ಅಭ್ಯರ್ಥಿ ಅಲ್ಲ, ಕಪ್ಪು ಅನ್ನೋ ಹೆಮ್ಮೆ ಇದ್ದರೂ. ಮಹಿಳಾ ಚಳವಳಿಯ ಅಭ್ಯರ್ಥಿಯೂ ಅಲ್ಲ, ಹೆಣ್ಣು ಅನ್ನೋ ಹೆಮ್ಮೆ ಅಷ್ಟೇ ಇದ್ದರೂ. ನಾನು ಅಮೆರಿಕದ ಜನರ ಅಭ್ಯರ್ಥಿ. ಮಾತಿನ ತಿರುಳು ಇದು.

ಅಧ್ಯಕ್ಷೆ ಆಗಿಬಿಡ್ತೀನಿ ಅಂತ ಅವರು ನಂಬಿರಲಿಲ್ಲ. ಅವರ ಲೆಕ್ಕ ಬೇರೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಹೈಕಮಾಂಡ್ ಒಂದು ಪಟ್ಟಿ ಬಿಡುಗಡೆ ಮಾಡಿ ತೀರ್ಮಾನಿಸುವುದಿಲ್ಲ. ರಾಜ್ಯ ರಾಜ್ಯದಲ್ಲಿ ಪ್ರೈಮರಿ ಅಂತ ಒಳಚುನಾವಣೆ ನಡೆಯುತ್ತದೆ, ಅಲ್ಲಿಂದ ಪ್ರತಿನಿಧಿಗಳು ಸಮಾವೇಶಕ್ಕೆ ಬರುತ್ತಾರೆ, ಅಲ್ಲಿ ಬಹುಮತ ಸಿಕ್ಕವರಿಗೆ ಟಿಕೆಟ್. ಆ ವರ್ಷ ಮೆಕ್‌ಗವರ್ನ್, ಹ್ಯೂಬರ್ಟ್ ಹಂಫ್ರಿ, ಎಡ್ಮಂಡ್ ಮಸ್ಕಿ, ಹೆನ್ರಿ ಜಾಕ್ಸನ್, ಅಲಬಾಮಾದ ಜಾರ್ಜ್ ವ್ಯಾಲೇಸ್ ಹೀಗೆ ಕಣದ ತುಂಬಾ ಜನ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರದೇ ಹೋದರೆ? ಆಗ ಕೈಯಲ್ಲಿ ನೂರಿನ್ನೂರು ಪ್ರತಿನಿಧಿಗಳಿರುವವರ ಬಾಗಿಲಿಗೆ ದೊಡ್ಡವರೇ ಬರಬೇಕು. ಶರ್ಲಿ ಕೇಳಬೇಕು ಅಂದುಕೊಂಡಿದ್ದರ ಪಟ್ಟಿಯೂ ಸಿದ್ಧವಿತ್ತು: ಉಪಾಧ್ಯಕ್ಷ ಸ್ಥಾನಕ್ಕೆ ಕಪ್ಪು ಅಭ್ಯರ್ಥಿ, ಆರೋಗ್ಯ ಮತ್ತು ಶಿಕ್ಷಣದ ಖಾತೆಗೆ ಒಬ್ಬ ಮಹಿಳೆ, ಒಳನಾಡು ಖಾತೆಗೆ ಒಬ್ಬ ಮೂಲನಿವಾಸಿ. ಅತಂತ್ರ ವಿಧಾನಸಭೆಗಳನ್ನು ಕಂಡಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಾಲವೂ ಕೂಡಿಬಂದಿತ್ತು. 1968ರ ಶಿಕಾಗೋ ಸಮಾವೇಶ ಗಲಾಟೆಯಲ್ಲಿ ಮುಗಿದ ಮೇಲೆ ಡೆಮಾಕ್ರಟಿಕ್ ಪಕ್ಷ ತನ್ನ ನಿಯಮ ಬದಲಾಯಿಸಿತ್ತು. ಪ್ರತಿನಿಧಿಗಳಲ್ಲಿ ಮಹಿಳೆಯರು, ಯುವಕರು, ಕಪ್ಪು ಜನ ಸರಿಯಾದ ಪ್ರಮಾಣದಲ್ಲಿ ಇರಲೇಬೇಕು ಅಂತಾಯಿತು. 1968ರಲ್ಲಿ ಪ್ರತಿನಿಧಿಗಳಲ್ಲಿ ಮಹಿಳೆಯರು ಶೇ. 13ರಷ್ಟು ಇದ್ದರು, 1972ರಲ್ಲಿ ಶೇ. 40ರ ಹತ್ತಿರ ಬಂದರು. 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಿತ್ತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ಸಮಯ ಇರಲಿಲ್ಲ.

ನಮ್ಮವರೇ ಅಂದುಕೊಂಡವರು

ಮೊದಲು ಕಪ್ಪು ನಾಯಕರು. 1971ರಲ್ಲಿ ಸಂಸತ್ತಿನ ಕಪ್ಪು ಸದಸ್ಯರ ಕೂಟ ಹುಟ್ಟಿದಾಗ 13 ಜನ ಇದ್ದರು, ಅವರಲ್ಲಿ ಶರ್ಲಿ ಒಬ್ಬರೇ ಹೆಂಗಸು. ಆ ವರ್ಷವಿಡೀ ಈ ನಾಯಕರು ಸೇರಿ ಸೇರಿ ಚರ್ಚೆ ಮಾಡುತ್ತಿದ್ದರು: ಒಬ್ಬ ಕಪ್ಪು ಅಭ್ಯರ್ಥಿ ನಿಲ್ಲಬೇಕಾ? ಒಂದೊಂದು ರಾಜ್ಯದಲ್ಲಿ ಒಬ್ಬೊಬ್ಬರು ನಿಲ್ಲಬೇಕಾ? ಅಥವಾ ಯಾರಾದರೂ ಬಿಳಿಯ ಅಭ್ಯರ್ಥಿ ಜೊತೆ ಮೊದಲೇ ಮಾತಾಡಿಕೊಳ್ಳಬೇಕಾ? ಇವರು ತೀರ್ಮಾನಕ್ಕೆ ಬರುವ ಮೊದಲೇ ಶರ್ಲಿ ನಿಂತುಬಿಟ್ಟರು. ನಮ್ಮನ್ನು ಕೇಳಲಿಲ್ಲ ಅನ್ನೋ ಸಿಟ್ಟು ಅಲ್ಲಿಂದ ಶುರು. ಮಾರ್ಚ್‌ನಲ್ಲಿ ಇಂಡಿಯಾನಾದ ಗ್ಯಾರಿ ನಗರದಲ್ಲಿ ಕಪ್ಪು ಜನರ ದೊಡ್ಡ ರಾಜಕೀಯ ಸಮಾವೇಶ ನಡೆಯಿತು, ಸಾವಿರಾರು ಜನ ಸೇರಿದ್ದರು. ಶರ್ಲಿ ಹೋಗಲಿಲ್ಲ, ಬೆಂಬಲವೂ ಸಿಗಲಿಲ್ಲ. ಹೋಗದೇ ಇದ್ದದ್ದು ತಪ್ಪು ಅಂತಲೇ ನನಗನ್ನಿಸುತ್ತದೆ. ಬೆಂಬಲ ಸಿಗುತ್ತಿತ್ತು ಅಂತಲ್ಲ. ಅವರ ಎದುರೇ ನಿಂತು ಕೇಳಿದ್ದರೆ ಬೇಡ ಅನ್ನೋದಕ್ಕೆ ಅವರೂ ಒಂದು ಕಾರಣ ಕೊಡಬೇಕಾಗುತ್ತಿತ್ತು, ಅಲ್ವಾ?

ಕಪ್ಪು ಜನರ ಹಕ್ಕುಗಳ ಹೋರಾಟಗಾರ ಜೆಸ್ಸಿ ಜಾಕ್ಸನ್ ಮೆಕ್‌ಗವರ್ನ್ ಕಡೆ ಹೋದರು. ಇನ್ನೂ ಕೆಲವರು ಹಂಫ್ರಿ ಕಡೆ. ಅಚ್ಚರಿ ಅಂದರೆ ಕಪ್ಪು ಜನರ ಉಗ್ರ ಸಂಘಟನೆ ಅಂತ ಹೆಸರಾಗಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಶರ್ಲಿಗೆ ಬೆಂಬಲ ಘೋಷಿಸಿತು. ಇದರಿಂದ ಬಿಳಿಯ ಮತದಾರರು ಹೆದರುತ್ತಾರೆ, ಬೇಡ ಅಂದುಬಿಡಿ ಅಂತ ಒತ್ತಡ ಬಂದರೂ ಅವರು ತಿರಸ್ಕರಿಸಲಿಲ್ಲ.

ಮಹಿಳಾ ಚಳವಳಿಯ ಕಥೆ ಇನ್ನೂ ಸೂಕ್ಷ್ಮ. ರಾಷ್ಟ್ರೀಯ ಮಹಿಳಾ ರಾಜಕೀಯ ಕೂಟವನ್ನು 1971ರಲ್ಲಿ ಕಟ್ಟಿದವರಲ್ಲಿ ಶರ್ಲಿಯೂ ಒಬ್ಬರು, ಚಳವಳಿಯ ನಾಯಕಿಯರಾದ ಗ್ಲೋರಿಯಾ ಸ್ಟೈನಮ್, ಬೆಟ್ಟಿ ಫ್ರೀಡನ್, ಬೆಲ್ಲಾ ಆಬ್ಜಗ್ ಜೊತೆಗೆ. ಇವರಲ್ಲಿ ಫ್ರೀಡನ್ ಮತ್ತು ಸ್ಟೈನಮ್ ಇಬ್ಬರೂ ನ್ಯೂಯಾರ್ಕ್‌ನಲ್ಲಿ ಶರ್ಲಿ ಪರ ಪ್ರತಿನಿಧಿಗಳಾಗಲು ನಿಂತರು. ಆದರೆ ಸ್ಟೈನಮ್ ಅದೇ ಉಸಿರಿನಲ್ಲಿ ಮೆಕ್‌ಗವರ್ನ್ ಬಗ್ಗೆಯೂ ಒಳ್ಳೆ ಮಾತು ಹೇಳುತ್ತಿದ್ದರು, ಬಿಳಿಯ ಗಂಡಸರ ಪೈಕಿ ಅವರೇ ವಾಸಿ ಅಂತ. ಆಬ್ಜಗ್ ಪೂರ್ತಿ ಬೆಂಬಲ ಕೊಡಲೇ ಇಲ್ಲ. ಶರ್ಲಿಗೆ ಇದು ತುಂಬಾ ನೋವು ಕೊಟ್ಟಿತು. ಬೆಂಬಲ ಕೊಡೋದಾದರೆ ಪೂರ್ತಿ ಕೊಡಿ, ಇಲ್ಲದಿದ್ದರೆ ಬಿಡಿ ಅನ್ನುವ ಧಾಟಿ ಅವರದ್ದು.

ಎರಡೂ ಕಡೆಯವರ ಮಾತನ್ನು ಅಕ್ಕಪಕ್ಕ ಇಟ್ಟು ನೋಡಿ. ಕಪ್ಪು ನಾಯಕರು ಅಂದರು: ಅವಳು ಹೆಂಗಸರ ಅಭ್ಯರ್ಥಿ. ಮಹಿಳಾ ಚಳವಳಿಯವರಲ್ಲಿ ಹಲವರು ಅಂದುಕೊಂಡರು: ಅವಳು ಕಪ್ಪು ಜನರ ಅಭ್ಯರ್ಥಿ. ಇಬ್ಬರೂ ಸೇರಿ ಅಂದದ್ದು: ಹೇಗೂ ಗೆಲ್ಲಲ್ಲ. ನಮ್ಮಲ್ಲಿ ಟಿಕೆಟ್ ಹಂಚುವಾಗ ಗೆಲ್ಲುವ ಕುದುರೆ ಅಂತ ಮಾತಿದೆಯಲ್ಲ, ಅದೇ. ಈ ಮಾತಿನ ಚಂದ ಏನಂದರೆ ಹೇಳುವವರ ಕೈಗೆ ಕೊಳೆ ಅಂಟುವುದಿಲ್ಲ. ನನಗೇನೂ ಭೇದಭಾವ ಇಲ್ಲಪ್ಪ, ಜನ ಒಪ್ಪಲ್ಲ ಅಷ್ಟೇ, ಅಂದುಬಿಡಬಹುದು. ಎಲ್ಲರೂ ಹಾಗೇ ಅಂದಮೇಲೆ ಗೆಲ್ಲಲ್ಲ ಅನ್ನೋದು ತಾನಾಗೇ ನಿಜವೂ ಆಗುತ್ತದೆ.

ಮುಂದೆ 1982ರಲ್ಲಿ ಪತ್ರಿಕೆಯವರ ಜೊತೆ ಮಾತಾಡುವಾಗ ಶರ್ಲಿ ನೇರವಾಗಿ ಹೇಳಿದರು: ಸಂಸತ್ತಿಗೆ ನಿಂತಾಗಲೂ ಅಧ್ಯಕ್ಷ ಸ್ಥಾನಕ್ಕೆ ನಿಂತಾಗಲೂ ಕಪ್ಪು ಅನ್ನೋದಕ್ಕಿಂತ ಹೆಣ್ಣು ಅನ್ನೋದಕ್ಕೇ ನಾನು ಜಾಸ್ತಿ ಭೇದಭಾವ ಕಂಡೆ, ಗಂಡಸರು ಗಂಡಸರೇ. ಈ ಮಾತನ್ನು ಎತ್ತಿಕೊಂಡು ಯಾವುದು ದೊಡ್ಡ ಕಷ್ಟ, ಬಣ್ಣವೋ ಲಿಂಗವೋ ಅಂತ ಜಗಳ ಆಡೋರಿದ್ದಾರೆ. ಅದು ದಂಡ. 1968ರಲ್ಲಿ ಎದುರಾಳಿಯೂ ಕಪ್ಪು, ಮತದಾರರೂ ಕಪ್ಪು, ಹಾಗಾಗಿ ಹೆಣ್ಣು ಅನ್ನೋದು ಮುಂದೆ ಬಂತು. 1972ರಲ್ಲಿ ಫ್ಲೋರಿಡಾದಲ್ಲಿ ಬಣ್ಣವೇ ಎಲ್ಲಕ್ಕಿಂತ ಮುಂದೆ ನಿಂತಿತು. ಯಾವ ಊರಲ್ಲಿ ಯಾರ ಎದುರು ನಿಂತಿದ್ದೀರಿ ಅನ್ನೋದರ ಮೇಲೆ ಅದು ಬದಲಾಗುತ್ತಾ ಹೋಗುತ್ತದೆ.

ದುಡ್ಡು, ಟಿವಿ, ಒಂದು ಆಸ್ಪತ್ರೆ ಭೇಟಿ

ಇಡೀ ಪ್ರಚಾರಕ್ಕೆ ಖರ್ಚಾದದ್ದು ಸುಮಾರು 3 ಲಕ್ಷ ಡಾಲರ್. ದೇಶದ ಉದ್ದಗಲಕ್ಕೆ ಹಬ್ಬಿದ ಚುನಾವಣೆಗೆ ಅದು ಎಲ್ಲಿಗೂ ಸಾಲುವ ದುಡ್ಡಲ್ಲ. ಎಲ್ಲ ಕಡೆ ನಿಲ್ಲಲು ಆಗಲಿಲ್ಲ, ಹನ್ನೆರಡರಷ್ಟು ರಾಜ್ಯಗಳ ಪ್ರೈಮರಿಗಳಲ್ಲಿ ಹೆಸರು ಇತ್ತು. ಕೆಲಸ ಮಾಡಿದವರು ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರು, ಸ್ಥಳೀಯ ಮಹಿಳಾ ಗುಂಪುಗಳು, ಕಪ್ಪು ಯುವಕರು. ಊರೂರಲ್ಲಿ ಈ ಗುಂಪುಗಳ ನಡುವೆಯೇ ಯಜಮಾನಿಕೆ ಯಾರದ್ದು ಅಂತ ಕಿತ್ತಾಟ. ಬಿಳಿಯ ಹೆಂಗಸರು ಎಲ್ಲ ತಾವೇ ನಡೆಸುತ್ತಾರೆ ಅಂತ ಕಪ್ಪು ಗಂಡಸರು, ನಮ್ಮ ಮಾತೇ ಯಾರೂ ಕೇಳಲ್ಲ ಅಂತ ಹೆಂಗಸರು. ಇದನ್ನು ಸರಿದೂಗಿಸುವ ಒಬ್ಬ ಅನುಭವಿ ಮ್ಯಾನೇಜರ್‌ನನ್ನು ಇಡಲೂ ದುಡ್ಡಿರಲಿಲ್ಲ. ಸೋಲಿನ ಪೂರ್ತಿ ಹೊಣೆಯನ್ನು ಹೊರಗಿನವರ ಮೇಲೆ ಹಾಕೋಕಾಗಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ. ಸಂಘಟನೆ ನಿಜಕ್ಕೂ ಸಡಿಲವಾಗಿತ್ತು.

ಕ್ಯಾಲಿಫೋರ್ನಿಯಾ ಪ್ರೈಮರಿಗೆ ಮುಂಚೆ ಟಿವಿಯಲ್ಲಿ ಹಂಫ್ರಿ ಮತ್ತು ಮೆಕ್‌ಗವರ್ನ್ ಇಬ್ಬರನ್ನೇ ಕೂರಿಸಿ ಚರ್ಚೆ ಮಾಡಿಸಿದರು. ನಾನೂ ಅಭ್ಯರ್ಥಿ ಅಲ್ವಾ ಅಂತ ಶರ್ಲಿ ಕೋರ್ಟಿಗೆ ಹೋಗಿ ಅರ್ಧ ಗಂಟೆ ಪ್ರಸಾರದ ಸಮಯ ಪಡೆದರು. ಸಿಕ್ಕಿದ್ದು ಮತದಾನಕ್ಕೆ ಕೆಲವೇ ದಿನ ಮುಂಚೆ. ಗೆದ್ದ ಕೇಸು, ತಡವಾದ ಲಾಭ.

ಇನ್ನೊಂದು ಘಟನೆ. ಮೇ 15ರಂದು ಮೇರಿಲ್ಯಾಂಡ್‌ನ ಲಾರೆಲ್‌ನಲ್ಲಿ ಜಾರ್ಜ್ ವ್ಯಾಲೇಸ್ ಮೇಲೆ ಗುಂಡು ಹಾರಿತು. ಕಪ್ಪು ವಿದ್ಯಾರ್ಥಿಗಳು ಬಿಳಿಯರ ಜೊತೆ ಓದಬಾರದು ಅಂತ ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ಅಡ್ಡಗಟ್ಟಿದ ಮನುಷ್ಯ ಈ ವ್ಯಾಲೇಸ್. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಶರ್ಲಿ ಆಸ್ಪತ್ರೆಗೆ ನೋಡೋಕೆ ಹೋದರು. ನಿಮ್ಮ ಜನ ಏನಂತಾರೆ ಅಂತ ವ್ಯಾಲೇಸ್ ಕೇಳಿದರಂತೆ. ಏನಂತಾರೆ ಅಂತ ನನಗೆ ಗೊತ್ತು, ಆದರೆ ನಿಮಗಾದದ್ದು ಯಾರಿಗೂ ಆಗಬಾರದು ಅಂದರಂತೆ ಇವರು. ಶರ್ಲಿಯ ಬೆಂಬಲಿಗರೇ ಕೆರಳಿ ಕೆಂಡವಾದರು. ಓಕ್‌ಲ್ಯಾಂಡ್‌ನ ಮಿಲ್ಸ್ ಕಾಲೇಜಿನಲ್ಲಿ ಓದುತ್ತಾ ಶರ್ಲಿ ಪ್ರಚಾರದಲ್ಲಿ ದುಡಿಯುತ್ತಿದ್ದ ಬಾರ್ಬರಾ ಲೀ ಕೂಡ ಆಗ ಸಿಟ್ಟಾದವರಲ್ಲಿ ಒಬ್ಬರು. ಮುಂದೆ ಅವರೇ ಸಂಸತ್ತಿಗೆ ಹೋಗಿ ಎರಡು ದಶಕಕ್ಕೂ ಜಾಸ್ತಿ ಅಲ್ಲಿದ್ದರು. ಭೇಟಿಯ ಹಿಂದೆ ರಾಜಕೀಯ ಇತ್ತಾ? ನನಗೆ ಹಾಗನ್ನಿಸಲ್ಲ. ಫಲ ಮಾತ್ರ ರಾಜಕೀಯದಲ್ಲೇ ಸಿಕ್ಕಿತು. 1974ರಲ್ಲಿ ಮನೆಕೆಲಸದವರಿಗೂ ಕನಿಷ್ಠ ವೇತನ ಕೊಡುವ ಮಸೂದೆ ಬಂದಾಗ ದಕ್ಷಿಣದ ಸದಸ್ಯರ ಮತ ಒಟ್ಟುಮಾಡಲು ವ್ಯಾಲೇಸ್ ಸಹಾಯ ಮಾಡಿದರು. ಶರ್ಲಿಯ ಅಮ್ಮ ಬೇರೆಯವರ ಮನೆಕೆಲಸ ಮಾಡಿ ಮಕ್ಕಳನ್ನು ಸಾಕಿದವರು.

ಯೋಜನೆ ಮುರಿದ ರಾತ್ರಿ

ಈಗ ಅಸಲು ವಿಷಯ. ಜೂನ್ 6ರ ಕ್ಯಾಲಿಫೋರ್ನಿಯಾ ಪ್ರೈಮರಿಯಲ್ಲಿ ಮೆಕ್‌ಗವರ್ನ್ ಹಂಫ್ರಿಗಿಂತ ಶೇ. 5ರಷ್ಟು ಮಾತ್ರ ಮುಂದಿದ್ದರು. ಆದರೆ ಅಲ್ಲಿನ ನಿಯಮದ ಪ್ರಕಾರ ಮುಂದಿದ್ದವರಿಗೇ ಇಡೀ 271 ಪ್ರತಿನಿಧಿಗಳು. ಶರ್ಲಿಗೆ ಬಂದದ್ದು ಶೇ. 4ಕ್ಕೆ ಸ್ವಲ್ಪ ಮೇಲೆ, ಪ್ರತಿನಿಧಿಗಳು ಸೊನ್ನೆ. ಮತದ ಪ್ರಮಾಣದಲ್ಲಿ ಹಂಚಿದ್ದರೆ ಸುಮಾರು 12 ಸಿಗುತ್ತಿತ್ತು.

ಮೆಕ್‌ಗವರ್ನ್‌ರನ್ನು ತಡೆಯಲು ಹೊರಟವರು ಇದನ್ನೇ ಹಿಡಿದರು. ಸಮಾವೇಶದಲ್ಲಿ ಯಾರು ಪ್ರತಿನಿಧಿಯಾಗಿ ಕೂರಬಹುದು ಅಂತ ತೀರ್ಮಾನಿಸುವ ಪಕ್ಷದ ಅರ್ಹತಾ ಸಮಿತಿ ಪ್ರಮಾಣದ ಲೆಕ್ಕ ಒಪ್ಪಿ ಅವರ ಕೈಯಿಂದ 151 ಪ್ರತಿನಿಧಿಗಳನ್ನು ಕಿತ್ತಿತು. ಈ 151 ಇಲ್ಲದಿದ್ದರೆ ಮೆಕ್‌ಗವರ್ನ್‌ಗೆ ಮೊದಲ ಸುತ್ತಿನಲ್ಲಿ ಗೆಲುವು ಅನುಮಾನ. ಅಂದರೆ ಶರ್ಲಿ ಕಾಯುತ್ತಿದ್ದ ಅತಂತ್ರ ಪರಿಸ್ಥಿತಿ ಹತ್ತಿರ ಬಂದಿತ್ತು.

ಜುಲೈ 10ರ ರಾತ್ರಿ ವಿಷಯ ಸಮಾವೇಶದ ಮುಂದೆ ಬಂತು. ಕ್ಯಾಲಿಫೋರ್ನಿಯಾದ ಕಪ್ಪು ಶಾಸಕ ವಿಲ್ಲಿ ಬ್ರೌನ್ ವೇದಿಕೆ ಹತ್ತಿ, ನಮ್ಮ ಪ್ರತಿನಿಧಿಗಳನ್ನು ನಮಗೆ ವಾಪಸ್ ಕೊಡಿ ಅಂತ ಗುಡುಗಿದರು. ಒಳ್ಳೆ ಭಾಷಣ. ಅವರು ಮೆಕ್‌ಗವರ್ನ್ ಪರ. 271ಕ್ಕೆ 271ನ್ನೂ ಮರಳಿಸಲಾಯಿತು. ಅದೇ ರಾತ್ರಿ, ಇದಕ್ಕೂ ಮುಂಚೆ, ಇನ್ನೊಂದು ತಕರಾರು ಬಂದಿತ್ತು. ದಕ್ಷಿಣ ಕೆರೊಲಿನಾದ ತಂಡದಲ್ಲಿ ಮಹಿಳೆಯರು ಸಾಕಷ್ಟಿಲ್ಲ ಅನ್ನೋ ದೂರು, ಮಹಿಳಾ ಕೂಟದ್ದು. ಬೆಂಬಲಿಸ್ತೀವಿ ಅಂತ ಮೆಕ್‌ಗವರ್ನ್ ಕಡೆಯವರು ಭರವಸೆ ಕೊಟ್ಟಿದ್ದರು. ಆದರೆ ಅಲ್ಲಿ ಕಡಿಮೆ ಅಂತರದಲ್ಲಿ ಗೆದ್ದರೆ ಬಹುಮತದ ಲೆಕ್ಕ ಹೇಗೆ, ಒಟ್ಟು ಪ್ರತಿನಿಧಿಗಳದ್ದೋ ಮತ ಹಾಕಲು ಅರ್ಹರಾದವರದ್ದೋ ಅನ್ನೋ ಪ್ರಶ್ನೆ ಎದ್ದು, ಕ್ಯಾಲಿಫೋರ್ನಿಯಾಕ್ಕೆ ಏಟು ಬೀಳಬಹುದು ಅಂತ ಹೆದರಿ, ಎಣಿಕೆಯ ನಡುವೆಯೇ ತಮ್ಮ ಮತ ಹಿಂದಕ್ಕೆಳೆದು ಬೇಕಂತಲೇ ಸೋತರು. ಗೆಲ್ಲುವ ಕುದುರೆಯ ಜೊತೆ ಹೋದ ಮಹಿಳಾ ನಾಯಕಿಯರಿಗೆ ಅದರ ಬೆಲೆ ಗೊತ್ತಾದದ್ದು ಆಗ.

ಮರುದಿನ ಹಂಫ್ರಿ ಕಣದಿಂದ ಹಿಂದೆ ಸರಿದರು. ತಮ್ಮ ಕಪ್ಪು ಪ್ರತಿನಿಧಿಗಳಿಗೆ ಶರ್ಲಿಗೆ ಹಾಕಲು ಬಿಟ್ಟುಕೊಟ್ಟರು. 151.95 ಆದದ್ದು ಹೀಗೆ, ಬಹುಪಾಲು ಕೊನೆಯ ಗಳಿಗೆಯಲ್ಲಿ ಬಂದ ಮತಗಳು. ಶುರುವಿನಿಂದ ಜೊತೆಗಿದ್ದ ಕ್ಯಾಲಿಫೋರ್ನಿಯಾದ ಕಪ್ಪು ಸಂಸತ್ ಸದಸ್ಯ ರಾನ್ ಡೆಲಮ್ಸ್ ಸಮಾವೇಶದಲ್ಲಿ ಮೆಕ್‌ಗವರ್ನ್ ಕಡೆ ವಾಲಿದರು. ನ್ಯೂಯಾರ್ಕ್‌ನ ಕಪ್ಪು ನಾಯಕ ಪರ್ಸಿ ಸಟನ್ ಶರ್ಲಿ ಹೆಸರನ್ನು ಸೂಚಿಸಿದಾಗ ಸಭೆ ಎದ್ದು ನಿಂತು ಗೌರವ ಕೊಟ್ಟಿತು. ಚೌಕಾಶಿಗೆ ಮಾತ್ರ ಏನೂ ಉಳಿದಿರಲಿಲ್ಲ. ಬಹುಮತ ಸಿಕ್ಕವರಿಗೆ ಇನ್ನು 152 ಮತ ಯಾಕೆ ಬೇಕು?

ಉಪಾಧ್ಯಕ್ಷ ಸ್ಥಾನಕ್ಕೆ ಮೆಕ್‌ಗವರ್ನ್ ಆರಿಸಿದ್ದು ಥಾಮಸ್ ಈಗಲ್ಟನ್‌ರನ್ನು. ಬಿಳಿಯರು, ಗಂಡಸು. ಆ ಆಯ್ಕೆ ಕೆಲವೇ ವಾರದಲ್ಲಿ ಕೈಕೊಟ್ಟಿತು, ಇನ್ನೊಬ್ಬರನ್ನು ಹುಡುಕಬೇಕಾಯಿತು. ನವೆಂಬರ್ 7ರಂದು ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದರು. ಗೆಲ್ಲುತ್ತಾರೆ ಅಂತ ಎಲ್ಲರೂ ನೆಚ್ಚಿಕೊಂಡಿದ್ದ ಮೆಕ್‌ಗವರ್ನ್‌ಗೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್.

ಶರ್ಲಿ 1983ರ ಜನವರಿಯವರೆಗೂ ಸಂಸತ್ತಿನಲ್ಲಿದ್ದರು, ಆಮೇಲೆ ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಪಾಠ ಮಾಡಿದರು, 2005ರ ಜನವರಿ 1ರಂದು ತೀರಿಕೊಂಡರು. 1984ರಲ್ಲಿ ಜೆಸ್ಸಿ ಜಾಕ್ಸನ್ ತಾವೇ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಶರ್ಲಿ ಅವರ ಪರ ಪ್ರಚಾರ ಮಾಡಿದರು. 1972ರ ಹಳೇ ಲೆಕ್ಕ ತೆಗೆಯಲಿಲ್ಲ.

ಜಾಕ್ಸನ್ 1988ರಲ್ಲೂ ನಿಂತು ಸೋತರು. ಆದರೆ ಸೋತು ಹೊರಡುವ ಮುನ್ನ ಪಕ್ಷದ ಜೊತೆ ಒಂದು ಒಪ್ಪಂದ ಮಾಡಿಕೊಂಡರು: ಎಲ್ಲ ರಾಜ್ಯಗಳಲ್ಲೂ ಪ್ರತಿನಿಧಿಗಳನ್ನು ಮತದ ಪ್ರಮಾಣದಲ್ಲೇ ಹಂಚಬೇಕು. ಗೆದ್ದವರಿಗೇ ಎಲ್ಲ ಅನ್ನೋ ಕ್ಯಾಲಿಫೋರ್ನಿಯಾ ಥರದ ನಿಯಮವನ್ನು ಪಕ್ಷ 1972ರ ನಂತರವೇ ಕಳಚುತ್ತಾ ಬಂದಿತ್ತು, ಉಳಿದ ಚೂರುಪಾರೂ ಈಗ ಹೋಯಿತು. ಹೆಚ್ಚು ಜನ ಇದನ್ನು ಗಮನಿಸಲಿಲ್ಲ, ನಿಯಮ ಅಂದರೆ ಯಾರಿಗೆ ಆಸಕ್ತಿ?

2008ರ ಫೆಬ್ರವರಿ 5ರಂದು ಅದೇ ಕ್ಯಾಲಿಫೋರ್ನಿಯಾದಲ್ಲಿ ಹಿಲರಿ ಕ್ಲಿಂಟನ್ ಬರಾಕ್ ಒಬಾಮಾರನ್ನು ಶೇ. 8ಕ್ಕೂ ಜಾಸ್ತಿ ಅಂತರದಲ್ಲಿ ಸೋಲಿಸಿದರು. ಒಂದು ಕಡೆ ಹೆಣ್ಣು, ಒಂದು ಕಡೆ ಕಪ್ಪು ಅಭ್ಯರ್ಥಿ, ಇಬ್ಬರ ಬಗ್ಗೆಯೂ ದೇಶ ಇನ್ನೂ ಸಿದ್ಧವಿಲ್ಲ ಅನ್ನೋ ಮಾತು ಇದ್ದೇ ಇತ್ತು. ಹಳೇ ನಿಯಮ ಇದ್ದಿದ್ದರೆ ಕ್ಲಿಂಟನ್‌ಗೆ ಆ ರಾಜ್ಯದ 370 ಪ್ರತಿನಿಧಿಗಳೂ ಹೋಗುತ್ತಿದ್ದರು. ಹೊಸ ನಿಯಮದಲ್ಲಿ ಅವರಿಗೆ 204 ಸಿಕ್ಕಿತು, ಸೋತ ಒಬಾಮಾಗೆ 166. ಜೂನ್ ಹೊತ್ತಿಗೆ ಟಿಕೆಟ್ ಒಬಾಮಾ ಕೈಯಲ್ಲಿತ್ತು.